ಎರಡನೇ ಹಂತದ ಗಾಲ್ಫ್ ಟೂರ್: ಒಂದು ಋತು ಆಡಿದವನ ಉತ್ತರ

ನಿಮ್ಮ ತಮ್ಮ ಹವ್ಯಾಸಿ ಗಾಲ್ಫ್‌ನಲ್ಲಿ ಚೆನ್ನಾಗಿ ಆಡುತ್ತಿದ್ದಾನೆ, ಈಗ ಕೆಳಹಂತದ ವೃತ್ತಿಪರ ಟೂರ್‌ನಲ್ಲಿ ಒಂದು ಋತು ಆಡಬೇಕೆನ್ನುತ್ತಾನೆ, ಕಳುಹಿಸಬಹುದೇ ಎಂದು ಕೇಳಿದ್ದೀರಿ. ಅಂಥ ಟೂರ್‌ನಲ್ಲಿ ಆಡಿದ ಅನುಭವದಿಂದ ಹೇಳುತ್ತೇನೆ: ಖಂಡಿತ ಕಳುಹಿಸಿ. ಆದರೆ ಶುಕ್ರವಾರ ಸಂಜೆ ಅಲ್ಲಿ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡು ಕಳುಹಿಸಿ.

ಟೂರ್ನಿ ಸಾಮಾನ್ಯವಾಗಿ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ಸುತ್ತು. ಎರಡು ಸುತ್ತು, ಅಂದರೆ 36 ಹೋಲ್ ಮುಗಿದ ಮೇಲೆ ಕಟ್ ಬೀಳುತ್ತದೆ. ಅಮೆರಿಕದ ಅಗ್ರ ಟೂರ್ ಆದ ಪಿಜಿಎ ಟೂರ್‌ಗೆ ಒಂದು ಮೆಟ್ಟಿಲು ಕೆಳಗಿರುವ ಕಾರ್ನ್ ಫೆರಿ ಟೂರ್‌ನಲ್ಲಿ ಮೊದಲ 65 ಸ್ಥಾನದವರು ಮತ್ತು ಅವರೊಂದಿಗೆ ಸಮ ಸ್ಕೋರ್ ಮಾಡಿದವರು ಮಾತ್ರ ಉಳಿಯುತ್ತಾರೆ. ಹೊರಬಿದ್ದವರಿಗೆ ಬಹುಮಾನದ ಹಣದಲ್ಲಿ ಬಿಡಿಗಾಸೂ ಇಲ್ಲ. ಆದರೆ ಕ್ಯಾಡಿಯ (ಆಟಗಾರನ ಚೀಲ ಹೊರುವ ಸಹಾಯಕನ) ವಾರದ ಸಂಬಳ, ಹೋಟೆಲ್, ವಿಮಾನದ ಖರ್ಚು ಹಾಗೆಯೇ ನಿಂತಿರುತ್ತದೆ.

ಆ ಸಂಜೆಯ ಒತ್ತಡ ಹೊರಗಿನವರಿಗೆ ಕಾಣುವುದಿಲ್ಲ. ಬೆಳಿಗ್ಗೆ ಆಡಿ ಮುಗಿಸಿದವನು ಮಧ್ಯಾಹ್ನದ ಆಟಗಾರರ ಸ್ಕೋರ್ ನೋಡುತ್ತಾ ಕೂರುತ್ತಾನೆ. ಗಾಳಿ ಎದ್ದರೆ ಅವರ ಆಟ ಕೆಡುತ್ತದೆ, ಇವನು ಒಳಗೆ. ಗಾಳಿ ನಿಂತರೆ ಹೊರಗೆ. ಮೈದಾನದಲ್ಲೇ ಇರುವವನ ಪಾಡು ಇನ್ನೂ ಕಷ್ಟ. ಕಟ್‌ನ ಗೆರೆಯ ಮೇಲೆ, ಅಂದರೆ ಒಳಗುಳಿಯಲು ಬೇಕಾದ ಸ್ಕೋರಿನಲ್ಲೇ ನಿಂತು ಕೊನೆಯ ಮೂರು ಹೋಲ್ ಆಡುವಾಗ ಧ್ವಜದತ್ತಲೇ ಹೊಡೆಯಬೇಕೋ, ಗ್ರೀನ್‌ನ ನಡುವಿಗೆ ಹೊಡೆದು ಪಾರ್ (ಆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತ) ಸಾಕೆನ್ನಬೇಕೋ ಎಂದು ತೀರ್ಮಾನಿಸಬೇಕು. ಗೆರೆ ಒಂದು ಸ್ಟ್ರೋಕ್ (ಹೊಡೆತ) ಮೇಲೆ ಕೆಳಗೆ ಜಾರುತ್ತಲೇ ಇರುತ್ತದೆ. ಈ ಹಂತದಲ್ಲಿ ಎಲ್ಲರೂ ದೂರ ಹೊಡೆಯುತ್ತಾರೆ, ಎಲ್ಲರ ಸ್ವಿಂಗ್ ಕೂಡ ಕಣ್ಣಿಗೆ ಹಿತವಾಗಿಯೇ ಇರುತ್ತದೆ. ನಾನು ಕಂಡಂತೆ ವ್ಯತ್ಯಾಸ ಬರುವುದು ಆರು ಅಡಿಯ ಪಟ್‌ನಲ್ಲಿ (ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತದಲ್ಲಿ), ಅದಕ್ಕಿಂತ ಹೆಚ್ಚಾಗಿ ಮನಸ್ಸು ಕೆಟ್ಟ ದಿನವೂ 74 ಹೊಡೆತದ ಸುತ್ತು 78ಕ್ಕೆ ಏರದಂತೆ ಹಿಡಿದುಕೊಳ್ಳುವುದರಲ್ಲಿ.

ಇನ್ನೊಂದು ಕಷ್ಟ, ಮುಂದಿನ ವಾರ ಆಡಲು ಸಿಗುತ್ತದೆಯೇ ಎಂಬುದೇ ಅನೇಕರಿಗೆ ಖಚಿತವಿಲ್ಲದಿರುವುದು. ಕ್ವಾಲಿಫೈಯಿಂಗ್ ಸ್ಕೂಲ್‌ನಲ್ಲಿ, ಅಂದರೆ ಟೂರ್‌ಗೆ ಆಯ್ಕೆ ಮಾಡುವ ಅರ್ಹತಾ ಟೂರ್ನಿಯಲ್ಲಿ, ಸ್ವಲ್ಪ ಕೆಳಗೆ ನಿಂತವರ ಆದ್ಯತಾ ಪಟ್ಟಿ ಋತುವಿನ ನಡುವೆ ಗಳಿಸಿದ ಅಂಕಗಳ ಮೇಲೆ ಮತ್ತೆ ಜೋಡಣೆಯಾಗುತ್ತದೆ. ಹೀಗಾಗಿ ಮೊದಲ ಕೆಲವು ಟೂರ್ನಿಗಳಲ್ಲಿ ಎಡವಿದವನು ಬದಲಿ ಆಟಗಾರರ ಸಾಲಿನಲ್ಲಿ ಫೋನ್ ಕರೆಗೆ ಕಾಯಬೇಕು. ಇಲ್ಲವೇ ಸೋಮವಾರದ 18 ಹೋಲ್‌ಗಳ ಅರ್ಹತಾ ಸುತ್ತಿನಲ್ಲಿ ಕೆಲವೇ ಸ್ಥಾನಗಳಿಗಾಗಿ ದೊಡ್ಡ ಗುಂಪಿನೊಡನೆ ಸೆಣಸಬೇಕು.

ಹಾಗಾದರೆ ಯಾಕೆ ಹೋಗಬೇಕು? ಮೇಲಕ್ಕೆ ಹೋಗುವ ದಾರಿ ಅಲ್ಲಿ ನಿಜವಾಗಿಯೂ ಇದೆ. ಸ್ಕಾಟಿ ಶೆಫ್ಲರ್ 2019ರಲ್ಲಿ ಕಾರ್ನ್ ಫೆರಿಯಲ್ಲಿ ಎರಡು ಟೂರ್ನಿ ಗೆದ್ದರು. 2022ರಲ್ಲಿ ವಿಶ್ವದ ಅಗ್ರ ಆಟಗಾರರಾಗಿ ಗಾಲ್ಫ್‌ನ ದೊಡ್ಡ ಟೂರ್ನಿಗಳಲ್ಲಿ ಒಂದಾದ ಮಾಸ್ಟರ್ಸ್ ಗೆದ್ದರು. ಒಂದೇ ಋತುವಿನಲ್ಲಿ ಮೂರು ಗೆದ್ದವರಿಗೆ ಅಲ್ಲಿಂದ ನೇರ ಪಿಜಿಎ ಟೂರ್‌ಗೆ ಬಡ್ತಿ. ಆದರೆ ಬಾಗಿಲು ಕಿರಿದಾಗುತ್ತಿದೆ: ಋತುವಿನ ಕೊನೆಗೆ 30 ಮಂದಿಗೆ ಸಿಗುತ್ತಿದ್ದ ಪಿಜಿಎ ಟೂರ್ ಕಾರ್ಡ್ (ಅಲ್ಲಿ ಆಡುವ ಹಕ್ಕು) 2025ರಿಂದ 20ಕ್ಕೆ ಇಳಿಯಿತು. ಬೆವರು ಸುರಿಸಿ ದಾರಿ ಮಾಡಿಕೊಳ್ಳುವವರಿಗೆ ಇದರಿಂದ ಅನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ.

ಆ ಬದುಕಿನಲ್ಲಿ ನನಗೆ ತುಂಬ ಇಷ್ಟವಾದದ್ದು ಜೊತೆಗಾರರು. ಕೊಠಡಿ, ಕಾರು, ಊಟದ ಬಿಲ್ ಎಲ್ಲವನ್ನೂ ಹಂಚಿಕೊಳ್ಳುತ್ತೇವೆ. ನಿಮ್ಮ ಸ್ಕೋರ್ ಕಾರ್ಡ್ ಬರೆಯುವವನು ನಿಮ್ಮ ಎದುರಾಳಿಯೇ. ಕಟ್ ತಪ್ಪಿದವನು ಉಳಿದವನ ಬೆನ್ನು ತಟ್ಟಿ ಹೊರಡುತ್ತಾನೆ, ಅದರಲ್ಲಿ ಕಪಟವಿರುವುದಿಲ್ಲ.

ನಿಮ್ಮಿಂದ ಆಗಬೇಕಾದ ಕೆಲಸ ಹಣದ್ದು. ಕಾರ್ನ್ ಫೆರಿಯಲ್ಲಿ ಟೂರ್ನಿಯ ಬಹುಮಾನ ಸಾಮಾನ್ಯವಾಗಿ 10 ಲಕ್ಷ ಡಾಲರ್, ಗೆದ್ದವನಿಗೆ 1,80,000. ಕಟ್ ದಾಟಿ ಕೊನೆಯಲ್ಲಿ ನಿಂತವನಿಗೆ ಕೆಲವೇ ಸಾವಿರ. ಅದಕ್ಕಿಂತ ಕೆಳಗಿನ ಟೂರ್‌ಗಳಲ್ಲಿ ಇನ್ನೂ ಕಡಿಮೆ. ಆದ್ದರಿಂದ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯದೆ ಇಡೀ ಋತುವಿನ ಖರ್ಚನ್ನು ಮೊದಲೇ ಹೊಂದಿಸಿಡಿ. ಮುಂದಿನ ವಾರದ ಟಿಕೆಟ್ ಹಣ ಈ ಪಟ್‌ನಿಂದಲೇ ಬರಬೇಕು ಎನ್ನುವ ಸ್ಥಿತಿಯಲ್ಲಿರುವವನ ಕೈ ಬಿಗಿಯುತ್ತದೆ. ಅಂಥ ಕೈಯಿಂದ ಹೊಡೆದ ಪಟ್ ಸರಿಯಾಗಿ ಉರುಳುವುದಿಲ್ಲ. ಋತು ಶುರುವಾದ ಮೇಲೆ ಪ್ರತಿ ಶುಕ್ರವಾರ ನೀವಾಗಿ ಫೋನ್ ಮಾಡಿ ಫಲಿತಾಂಶ ಕೇಳಬೇಡಿ. ಅವನೇ ಮಾಡುತ್ತಾನೆ.