ನೂಲುನೂಲಾದ ಜೆಲ್ಲಿ: ಎಡವಟ್ಟಾಗಿದ್ದು ತಣ್ಣನೆಯ ಬಾಟಲಿಯಿಂದ

ಅಕ್ಕ, ಹುಟ್ಟುಹಬ್ಬಕ್ಕೆಂದು ಗ್ಯಾಸಿರುವ ಕಿತ್ತಳೆ ಡ್ರಿಂಕಿನಲ್ಲಿ ಜೆಲ್ಲಿ ಮಾಡಲು ಹೋಗಿ ಕೆಟ್ಟಿತು ಅಂತ ನೀವು ಹಾಕಿದ ಫೋಟೊ ನೋಡಿದೆ. ಬಟ್ಟಲ ತುಂಬ ನೀರಾಗಿರುವ ಕಿತ್ತಳೆ ಡ್ರಿಂಕ್, ಅದರಲ್ಲಿ ಶ್ಯಾವಿಗೆ ಹಾಗೆ ತೇಲುವ ತುಂಡುಗಳು. ಜೆಲ್ಲಿ ಗಟ್ಟಿಯಾಗಲು ಹಾಕುವ ಚೈನಾ ಗ್ರಾಸ್ (ಅಗರ್ ಅಗರ್) ಹಳೆಯದಿರಬೇಕು ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ನೇರವಾಗಿ ಸುರಿದೆ ಅಂದಿದ್ದೀರಲ್ಲ, ತಪ್ಪಿದ್ದು ಅಲ್ಲೇ.

ಚೈನಾ ಗ್ರಾಸ್ ಕರಗಬೇಕಾದರೆ ಚೆನ್ನಾಗಿ ಕುದಿಯಬೇಕು. ಗಟ್ಟಿಯಾಗಲು ಮಾತ್ರ ಅದಕ್ಕೆ ಫ್ರಿಜ್ಜೇ ಬೇಕಿಲ್ಲ. 35–40 ಡಿಗ್ರಿಗೆ, ಅಂದರೆ ಉಗುರುಬೆಚ್ಚಗೆ ಇಳಿದರೆ ಸಾಕು, ಹಿಡಿಯಲು ಶುರು ಮಾಡುತ್ತದೆ. ಕುದಿಯುವ ಒಂದು ಲೋಟಕ್ಕೆ ಕೊರೆಯುವ ಎರಡು ಲೋಟ ಸುರಿದರೆ ಬೆರೆಯುವ ಮೊದಲೇ ಹೆಪ್ಪುಗಟ್ಟುತ್ತದೆ.

ಹಾಗಂತ ಡ್ರಿಂಕನ್ನೇ ಕುದಿಸಬೇಡಿ. ಅದರಲ್ಲಿ ಹುಳಿ ಇರುತ್ತದೆ. ಹುಳಿಯಲ್ಲಿ ಕುದ್ದಷ್ಟೂ ಚೈನಾ ಗ್ರಾಸಿನ ಹಿಡಿತ ಕಡಿಮೆ. ಪರಿಮಳವೂ ಆವಿಯಾಗಿ ಹೋಗುತ್ತದೆ.

ನಾನು ಮಾಡುವುದು ಹೀಗೆ. 350 ಎಂ.ಎಲ್. ಡ್ರಿಂಕನ್ನು ಒಂದು ಗಂಟೆ ಮೊದಲೇ ಅಗಲದ ಪಾತ್ರೆಗೆ ಸುರಿದು ಹೊರಗಿಡುತ್ತೇನೆ. ತಂಪು ಬಿಡುತ್ತದೆ, ಗ್ಯಾಸೂ ಅರ್ಧ ಹೋಗುತ್ತದೆ. ಆಮೇಲೆ 150 ಎಂ.ಎಲ್. ತಣ್ಣೀರಿಗೆ ಎರಡು ಸಮ ಟೀ ಚಮಚ ಚೈನಾ ಗ್ರಾಸ್ ಪುಡಿ ಹಾಕಿ ಹತ್ತು ನಿಮಿಷ ನೆನೆಸಿ. ಪುಡಿಯಲ್ಲದೆ ಎಳೆಎಳೆಯಾಗಿರುವ ಚೈನಾ ಗ್ರಾಸ್ ಆದರೆ ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಅರ್ಧ ಗಂಟೆ ನೆನೆಸಬೇಕು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ, ಎರಡು ಚಮಚ ಸಕ್ಕರೆ ಸೇರಿಸಿ. ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಕಡಿಮೆ ಅನ್ನಿಸುತ್ತದೆ, ಅದಕ್ಕೇ ಈ ಸಕ್ಕರೆ. ಸೌಟು ಎತ್ತಿ ಬೆಳಕಿಗೆ ಹಿಡಿದು ನೋಡಿ. ಗಾಜಿನ ಚೂರಿನಂಥ ಕಣ ಒಂದೂ ಕಾಣಬಾರದು. ಇಲ್ಲಿ ಅವಸರ ಬೇಡವೇ ಬೇಡ.

ಒಲೆ ಆರಿಸಿ, ಡ್ರಿಂಕನ್ನು ಪಾತ್ರೆಯ ಅಂಚಿನಿಂದ ಸಣ್ಣ ಧಾರೆಯಾಗಿ ಬಿಡಿ. ಬುಸ್ಸೆಂದು ನೊರೆ ಏಳುತ್ತದೆ, ಹಾಗಾಗಿ ಪಾತ್ರೆ ದೊಡ್ಡದಿರಲಿ. ನೊರೆಯನ್ನು ಚಮಚದಲ್ಲಿ ತೆಗೆದುಬಿಡಿ, ಇಲ್ಲದಿದ್ದರೆ ಜೆಲ್ಲಿ ಮೇಲೆ ಬಿಳಿ ಪದರ ಕೂರುತ್ತದೆ. ಒಂದು ಹನಿ ತಣ್ಣನೆಯ ಸ್ಟೀಲ್ ತಟ್ಟೆಗೆ ಬಿಟ್ಟು ನೋಡಿ. ಎರಡು ನಿಮಿಷದಲ್ಲಿ ಬೆರಳಿಗೆ ಅಂಟದೆ ಜಾರಿದರೆ ಸರಿಯಾಗಿದೆ. ಬಟ್ಟಲಿಗೆ ಸುರಿದ ಮೇಲೆ ಅಲುಗಾಡಿಸಬೇಡಿ. ಗ್ಯಾಸಿನ ಚುರುಚುರು ಉಳಿಯುವುದಿಲ್ಲ, ರುಚಿ ಉಳಿಯುತ್ತದೆ.

ಜೆಲಾಟಿನ್ ಹಾಕಬಹುದಾ ಅಂತ ಕೇಳಿದ್ದೀರಿ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಚೈನಾ ಗ್ರಾಸ್ ಕಡಲ ಪಾಚಿಯದ್ದು. ಮನೆಯಲ್ಲಿ ಸಸ್ಯಾಹಾರ ಅಂದಿದ್ದೀರಿ, ಇದರಲ್ಲೇ ಮಾಡಿ. ಹಸಿ ಅನಾನಸ್ ತುಂಡು ಹಾಕಿದರೆ ಜೆಲಾಟಿನ್ ಗಟ್ಟಿಯಾಗುವುದೇ ಇಲ್ಲ, ಚೈನಾ ಗ್ರಾಸಿಗೆ ಆ ತೊಂದರೆಯೂ ಇಲ್ಲ.

ದೊಡ್ಡವರಿಗೂ ಸ್ವಲ್ಪ ಮಾಡುವುದಾದರೆ ಪುತ್ತೂರಿನ ಬಿಂದು ಜೀರಾ ಅನ್ನುವ ಜೀರಿಗೆ ಡ್ರಿಂಕಿನಲ್ಲಿ ಮಾಡಿ ನೋಡಿ. ಸಕ್ಕರೆ ಬಿಟ್ಟು, ಅರ್ಧ ನಿಂಬೆಹಣ್ಣಿನ ರಸವನ್ನು ಕೊನೆಗೆ ಹಿಂಡಿ. ಊಟವಾದ ಮೇಲೆ ಬಹಳ ಹಿತ.

ಒಂದು ಮಾತು ದಯವಿಟ್ಟು ಗಮನಿಸಿ. ಈ ಜೆಲ್ಲಿ ಬಾಯಲ್ಲಿ ಕರಗುವುದಿಲ್ಲ, ಅಗಿಯಬೇಕು. ಹುಟ್ಟುಹಬ್ಬಕ್ಕೆ ಪುಟ್ಟ ಮಕ್ಕಳೂ ಬರುತ್ತಾರಲ್ವಾ? ಅವರಿಗೆ ಚಮಚದಲ್ಲಿ ಚೆನ್ನಾಗಿ ಪುಡಿ ಮಾಡಿ, ಕೂರಿಸಿ ತಿನ್ನಿಸಿ. ಇಡೀ ತುಂಡು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಈಗ ಕೆಟ್ಟಿರುವುದನ್ನು ಎಸೆಯಬೇಡಿ. ಚೈನಾ ಗ್ರಾಸ್ ಮತ್ತೆ ಕರಗುತ್ತದೆ. ತುಂಡುಗಳನ್ನು ಸೋಸಿ ತೆಗೆದು, ಕಾಲು ಲೋಟ ನೀರು ಮತ್ತು ಒಂದು ಚಮಚ ಹೊಸ ಪುಡಿ ಹಾಕಿ ಕುದಿಸಿ. ಸೋಸಿದ ಡ್ರಿಂಕನ್ನು ಈ ಸಲ ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಬೆರೆಸಿ.