ಒಂದು ಸ್ಯಾಂಪಲ್‌ನಲ್ಲಿ ಮಾತ್ರ 42 ಗ್ರಾಂ ಚಿನ್ನ!

ಪ್ರಶ್ನೆ: ಭೂವಿಜ್ಞಾನ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಚಿನ್ನದ ಗಣಿಯೊಂದರ ಡ್ರಿಲ್ ಕೋರ್ (ಕೊರೆದು ತೆಗೆದ ಶಿಲೆಯ ಕಂಬ) ಅಂಕಿಅಂಶ ಸಿಕ್ಕಿದೆ. ಹೋಲ್‌ಗಳ ಅಂತರ 25 ಮೀಟರ್. ಬಹುತೇಕ ಸ್ಯಾಂಪಲ್‌ಗಳಲ್ಲಿ ಟನ್ನಿಗೆ 1ರಿಂದ 4 ಗ್ರಾಂ, ಒಂದರಲ್ಲಿ ಮಾತ್ರ 42. ಕ್ರಿಗಿಂಗ್ (ಸುತ್ತಲಿನ ಸ್ಯಾಂಪಲ್‌ಗಳಿಗೆ ತೂಕ ಕೊಟ್ಟು ನಡುವಿನ ಜಾಗದ ಮೌಲ್ಯ ಅಂದಾಜಿಸುವ ವಿಧಾನ) ಮಾಡಿದರೆ ಗಣಿಯನ್ನು ವಿಂಗಡಿಸಿದ ಎಲ್ಲ ಬ್ಲಾಕ್‌ಗಳೂ ಸರಾಸರಿಯ ಆಸುಪಾಸಿಗೇ ಬರುತ್ತವೆ. ಎಲ್ಲಿ ತಪ್ಪಿದ್ದೇನೆ?
– ವಿದ್ಯಾರ್ಥಿ, ಮಡಿಕೇರಿ

ಉತ್ತರ: ಮೊದಲು ಆ ಸ್ಯಾಂಪಲ್‌ನ ಉದ್ದ ನೋಡಿ. 30 ಸೆಂ.ಮೀ. ತುಂಡಿನಲ್ಲಿ 42 ಗ್ರಾಂ, ಪಕ್ಕದ 70 ಸೆಂ.ಮೀ.ನಲ್ಲಿ 2 ಗ್ರಾಂ ಇದ್ದರೆ ನೇರ ಸರಾಸರಿ 22. ಉದ್ದದಿಂದ ಗುಣಿಸಿದರೆ 12.6 ಕೂಡಿಸು 1.4, ಆ ಒಂದು ಮೀಟರ್‌ಗೆ ಬರುವುದು 14 ಗ್ರಾಂ ಅಷ್ಟೇ. ಎಲ್ಲ ಕೋರನ್ನೂ ಹೀಗೆ 1 ಮೀಟರ್ ಕಾಂಪೋಸಿಟ್‌ಗೆ (ಸಮ ಉದ್ದದ ಸರಾಸರಿ ತುಂಡುಗಳಿಗೆ) ತನ್ನಿ. ರೀಫ್‌ನ (ಚಿನ್ನವಿರುವ ಶಿಲಾಪದರದ) ಅದಿರನ್ನು ಪಕ್ಕದ ಬರಡು ಶಿಲೆಯೊಂದಿಗೆ ಬೆರೆಸಬೇಡಿ. ಆಮೇಲೂ ಒಂಟಿ ಮೌಲ್ಯ ಎದ್ದು ನಿಂತರೆ ಮರುಪರೀಕ್ಷೆ ಮಾಡಿಸಿ, ನಂತರವೇ ಟಾಪ್ ಕಟ್, ಅಂದರೆ ಒಂದು ಮಿತಿಗಿಂತ ಹೆಚ್ಚಿನ ಮೌಲ್ಯವನ್ನು ಆ ಮಿತಿಗೇ ಇಳಿಸುವುದು. ಮೌಲ್ಯಗಳ ಹಂಚಿಕೆ ತೋರಿಸುವ ಲಾಗ್ ಪ್ರಾಬಬಿಲಿಟಿ ಗ್ರಾಫ್‌ನಲ್ಲಿ ಗೆರೆ ಎಲ್ಲಿ ಮುರಿಯುತ್ತದೋ ಅಲ್ಲಿ ಕತ್ತರಿಸಿ.

ಇನ್ನು ವೇರಿಯೋಗ್ರಾಮ್, ಅಂದರೆ ಅಂತರ ಹೆಚ್ಚಿದಂತೆ ಸ್ಯಾಂಪಲ್‌ಗಳ ವ್ಯತ್ಯಾಸ ಹೇಗೆ ಹೆಚ್ಚುತ್ತದೆಂದು ತೋರಿಸುವ ಗ್ರಾಫ್. ಹೋಲ್‌ನ ಉದ್ದಕ್ಕೆ 1 ಮೀಟರ್ ಲ್ಯಾಗ್‌ನಲ್ಲಿ (ಜೋಡಿ ಸ್ಯಾಂಪಲ್‌ಗಳ ನಡುವಿನ ಅಂತರ) ಮೊದಲು ತೆಗೆಯಿರಿ, ನಗೆಟ್ (ಅಂತರ ಸೊನ್ನೆಗೆ ಹತ್ತಿರವಾದರೂ ಉಳಿಯುವ ವ್ಯತ್ಯಾಸ) ಅಲ್ಲಿ ಸಿಗುತ್ತದೆ. ರೀಫ್ ಚಾಚಿದ ದಿಕ್ಕಿಗೆ ಲ್ಯಾಗ್ 25 ಮೀಟರ್ ಇರಲಿ. ಗ್ರಾಫ್‌ನ ಒಂದೊಂದು ಬಿಂದುವಿಗೂ ಕನಿಷ್ಠ 30 ಜೋಡಿ ಸ್ಯಾಂಪಲ್ ಬೇಕು. ಅದಕ್ಕಿಂತ ಕಡಿಮೆ ಇರುವ ಬಿಂದುವನ್ನು ನಂಬಿ ಮಾದರಿ ಕೂರಿಸಬೇಡಿ. ಚಿನ್ನದಲ್ಲಿ ನಗೆಟ್ ಒಟ್ಟು ಸಿಲ್‌ನ (ಗೆರೆ ಏರಿ ಸಮತಟ್ಟಾಗುವ ಮಟ್ಟದ) ಅರ್ಧ ದಾಟುವುದುಂಟು. ಆಗ ಹತ್ತಿರದ ಸ್ಯಾಂಪಲ್‌ಗೂ ದೂರದ್ದಕ್ಕೂ ತೂಕ ಹೆಚ್ಚುಕಡಿಮೆ ಸಮನಾಗುತ್ತದೆ. ನಿಮ್ಮ ಬ್ಲಾಕ್‌ಗಳು ಸರಾಸರಿಯತ್ತ ಸರಿಯಲು ಇದೇ ಕಾರಣವಿರಬಹುದು, ಅದು ತಪ್ಪಲ್ಲ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಗಣಿ ಎಂಜಿನಿಯರ್ ಡ್ಯಾನಿ ಕ್ರಿಗೆ ಅವರು 1951ರಲ್ಲಿ ತೋರಿಸಿದ್ದೂ ಇದನ್ನೇ: ಸ್ಯಾಂಪಲ್ ನೋಡಿ ಸಮೃದ್ಧ ಎಂದ ಬ್ಲಾಕ್ ಅಗೆದಾಗ ಅಷ್ಟು ಕೊಡುವುದಿಲ್ಲ, ಬಡದು ಎಂದದ್ದು ಅಂದಾಜಿಗಿಂತ ಹೆಚ್ಚು ಕೊಡುತ್ತದೆ. ನಕ್ಷೆ ಚೆಂದ ಕಾಣಲೆಂದು 5 ಮೀಟರ್ ಬ್ಲಾಕ್ ಇಟ್ಟಿದ್ದರೆ ಕೈಬಿಡಿ. ಹೋಲ್‌ಗಳ ಈ ಅಂತರಕ್ಕೆ 10–12 ಮೀಟರ್ ಸರಿ. ಕೊನೆಗೆ ಒಂದೊಂದೇ ಸ್ಯಾಂಪಲ್ ತೆಗೆದಿಟ್ಟು ಉಳಿದವುಗಳಿಂದ ಅದನ್ನು ಅಂದಾಜಿಸಿ, ನಿಜ ಮೌಲ್ಯದೊಂದಿಗೆ ಹೋಲಿಸಿ. ವ್ಯತ್ಯಾಸಗಳ ಸರಾಸರಿ ಸೊನ್ನೆಯ ಹತ್ತಿರ ಬರಬೇಕು.

ಪ್ರಶ್ನೆ: ಕಾಫಿ ತೋಟದ ಮಣ್ಣಿನ ಪಿಎಚ್ ನಕ್ಷೆಗೂ ಕ್ರಿಗಿಂಗ್ ಆಗುತ್ತದೆಯೇ? 12 ಸ್ಯಾಂಪಲ್ ಇವೆ.
– ಬೆಳೆಗಾರರು, ಸೋಮವಾರಪೇಟೆ

ಉತ್ತರ: ಆಗುತ್ತದೆ, ಆದರೆ 12 ಸಾಲದು. ನೆಚ್ಚಬಹುದಾದ ವೇರಿಯೋಗ್ರಾಮ್‌ಗೆ ನೂರರ ಆಸುಪಾಸು ಬೇಕು, ಕೆಲವು ಜೋಡಿಗಳು ಎರಡು ಮೂರು ಮೀಟರ್ ಅಂತರದಲ್ಲೂ ಇರಬೇಕು. ಗುಡ್ಡದ ತೋಟ, ತಗ್ಗಿನ ಗದ್ದೆ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬೇಡಿ. ಸದ್ಯಕ್ಕೆ ತೋಟವನ್ನು ಇಳಿಜಾರಿನ ಪ್ರಕಾರ ಬ್ಲಾಕ್‌ಗಳಾಗಿ ವಿಂಗಡಿಸಿ, ಒಂದೊಂದರ ಸರಾಸರಿ ನೋಡಿ ಸುಣ್ಣ ಹಾಕುವುದೇ ಮೇಲು.