ನೀಲಿ ಲೈಟಿನಲ್ಲಿ ಕಪ್ಪು ಕಂಡರೆ ಕ್ಯಾನ್ಸರೇ?

ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯಲ್ಲಿ ಈಗಷ್ಟೇ ನಮ್ಮ ಬೆಳೆಗಾರರ ಗುಂಪಿನ ಮೆಸೇಜು ನೋಡಿದೆ. ಕಾರ್ಕಳದ ಅಣ್ಣ ಕೇಳಿದ್ದಾರೆ: ಅಪ್ಪ ಎಲೆಅಡಿಕೆ ಇಟ್ಟುಕೊಳ್ಳುವ ಕೆನ್ನೆಯ ಒಳಗೆ ಬಿಳಿ ಕಲೆ ಉಂಟು, ಹಲ್ಲಿನ ಕ್ಯಾಂಪಿನಲ್ಲಿ ನೀಲಿ ಲೈಟು ಬಿಟ್ಟು "ಇಲ್ಲಿ ಕಪ್ಪು ಕಾಣ್ತದೆ, ದೊಡ್ಡ ಆಸ್ಪತ್ರೆಗೆ ಹೋಗಿ" ಅಂದರು. ಕ್ಯಾನ್ಸರ್ ಗ್ಯಾರಂಟಿಯಾ? ಮಳೆ ಮುಗಿದ ಮೇಲೆ ಹೋದರೆ ಸಾಕಾ?

ಗ್ಯಾರಂಟಿ ಅಲ್ಲ. ಆದರೆ ಮಳೆ ಮುಗಿಯುವ ತನಕ ಕಾಯಬೇಡಿ ಮಾರಾಯ್ರೆ.

ನಾನು ಡಾಕ್ಟರ್ ಅಲ್ಲ, ಇಂಥ ಕ್ಯಾಂಪುಗಳಲ್ಲಿ ಲೈಟು ಹಿಡಿದು ನಿವೃತ್ತನಾದವ. 400ರಿಂದ 460 ನ್ಯಾನೋಮೀಟರಿನ ನೀಲಿ ಬೆಳಕು ಬಿದ್ದರೆ ಬಾಯಿಯ ಒಳಚರ್ಮ ತಾನೇ ಮಂಕು ಹಸಿರಾಗಿ ಹೊಳೆಯುತ್ತದೆ. ಆ ಹೊಳಪು ಹೆಚ್ಚಾಗಿ ಅಡಿಯ ಕೊಲಾಜನ್ ನಾರಿನದ್ದು. ಕೋಶಗಳು ಕೆಡಲು ಶುರುವಾದರೆ ನಾರು ಹಾಳಾಗುತ್ತದೆ, ರಕ್ತ ಜಾಸ್ತಿ ಹರಿಯುತ್ತದೆ, ರಕ್ತ ಬೆಳಕನ್ನು ಹೀರುತ್ತದೆ. ಹಾಗಾಗಿ ಆ ಜಾಗ ಕಪ್ಪು. ಕೆಲವೊಮ್ಮೆ ಬರಿಗಣ್ಣಿಗೆ ಕಾಣುವ ಕಲೆಗಿಂತ ಈ ಕಪ್ಪು ಅಗಲ ಇರುತ್ತದೆ. ಪರೀಕ್ಷೆಗೆ ತುಂಡು ಎಲ್ಲಿಂದ ತೆಗೆಯಬೇಕು ಅಂತ ತೀರ್ಮಾನಿಸಲು ಡಾಕ್ಟರಿಗೆ ಅದು ಉಪಕಾರ.

ತೊಂದರೆ ಏನೆಂದರೆ ಬಾಯಿಹುಣ್ಣು, ಚೂಪು ಹಲ್ಲು ತಾಗಿ ಕೆಂಪಾದ ಜಾಗ, ಇವೂ ಕಪ್ಪೇ. ಅದಕ್ಕೇ ಗೊತ್ತಿದ್ದವರು ಗಾಜಿನ ಪಟ್ಟಿಯಿಂದ ಮೆಲ್ಲ ಒತ್ತಿ ನೋಡುತ್ತಾರೆ. ರಕ್ತ ಸರಿದು ಹಸಿರು ಮರಳಿದರೆ ಬರೀ ಉರಿಯೂತ ಇರುವ ಸಾಧ್ಯತೆ ಹೆಚ್ಚು. ಒತ್ತಿದರೂ ಕಪ್ಪಾಗೇ ಇದ್ದರೆ ಸಂಶಯ. ಕೋಣೆಯೂ ಕತ್ತಲೆ ಇರಬೇಕು. ಶಾಲೆಯ ಜಗಲಿಯಲ್ಲಿ ಹಾಡಹಗಲು ನೋಡಿದ್ದಾದರೆ ನಾನಂತೂ ಅದಕ್ಕೆ ಬೆಲೆ ಕೊಡುವುದಿಲ್ಲ. ಹಾಗೆಯೇ, ಹಸಿರು ಹೊಳೆಯಿತು ಅಂತ ಬಿಳಿ ಕಲೆಯನ್ನು ಸುಮ್ನೆ ಬಿಡುವ ಹಾಗೂ ಇಲ್ಲ.

ತೀರ್ಪು ಕೊಡುವುದು ಬಯಾಪ್ಸಿ ಮಾತ್ರ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸಣ್ಣ ತುಂಡು ತೆಗೆಯುತ್ತಾರೆ, ಬೇಕಾದರೆ ಒಂದೆರಡು ಹೊಲಿಗೆ. ತುಂಡು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಹೆದರಿಕೆ ಬೇಡ. ಚೂಪು ಹಲ್ಲು ಇದ್ದರೆ ಅದನ್ನು ನಯ ಮಾಡಿ ಎರಡು ವಾರ ನೋಡಬಹುದು. ಆಮೇಲೂ ಕಲೆ ಹೋಗದಿದ್ದರೆ ಬಯಾಪ್ಸಿ ಮುಂದೆ ಹಾಕಬೇಡಿ.

ನೀಲಿ ಲೈಟಿರುವ ಆಸ್ಪತ್ರೆಯನ್ನೇ ಹುಡುಕಿಕೊಂಡು ಹೋಗಬೇಕಾಗಿಲ್ಲ. ತಿರುವನಂತಪುರದ ಕಡೆ ತರಬೇತಿ ಪಡೆದ ಕಾರ್ಯಕರ್ತರು ಬರಿಗಣ್ಣಿನಿಂದ ಬಾಯಿ ನೋಡಿದ ದೊಡ್ಡ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. ಮಣಿಪಾಲ, ಮಂಗಳೂರು, ದೇರಳಕಟ್ಟೆ, ಎಲ್ಲಿಯ ದಂತ ಕಾಲೇಜಾದರೂ ಆದೀತು. ಫೋನ್ ಟಾರ್ಚಿನಲ್ಲಿ ಫೋಟೋ ತೆಗೆದು ಆ್ಯಪಿಗೆ ಹಾಕಿ ಅಂತ ಗುಂಪಿನಲ್ಲಿ ಒಬ್ಬರು ಹೇಳಿದ್ದಾರಲ್ಲ, ಅದನ್ನು ನಂಬಿ ಕೂರಬೇಡಿ.

"ಅಪ್ಪ ಹೊಗೆಸೊಪ್ಪು ಹಾಕುವುದಿಲ್ಲ" ಅಂದಿದ್ದೀರಿ. ಬೆಳೆಗಾರರಾದ ನಮಗೆ ಕೇಳಲು ಕಹಿಯೇ, ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಹಾಕಿದೆ. ಬಾಯಿ ಬಿಗಿದಿದೆಯಾ ಅಂತ ತಿಳಿಯಲು ಅಪ್ಪನ ಬಾಯಿಗೆ ಅವರದೇ ಮೂರು ಬೆರಳು ನೆಟ್ಟಗೆ ಹೋಗುತ್ತವಾ ನೋಡಿ. ಹೋಗದಿದ್ದರೆ, ಖಾರ ತಿಂದರೆ ಉರಿ ಬರುತ್ತಿದ್ದರೆ, ಅದನ್ನೂ ಡಾಕ್ಟರಿಗೆ ಹೇಳಿ.

ಹೋಗುವ ದಿನ ಬೆಳಗ್ಗೆ ಎಲೆಅಡಿಕೆ ಬೇಡ, ಕೆಂಪು ಬಣ್ಣದಲ್ಲಿ ಕಲೆ ಸರಿ ಕಾಣುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.